ಬಾಗಿಲು ತಟ್ಟಿದವರಿಗೆ ನಿಜ ಹೇಳೋಣ
(ಜುಮಾ ಪ್ರವಚನದ ಸಾರಾಂಶ)

ಸರ್ವಸ್ತುತಿ ಅಲ್ಲಾಹನಿಗೆ. ಪ್ರವಾದಿ ಮುಹಮ್ಮದ್(ಸ)ರ ಮೇಲೆ, ಅವರ ಕುಟುಂಬದವರ ಮೇಲೆ, ಸಂಗಾತಿಗಳ ಮೇಲೆ ಅಲ್ಲಾಹನ ಕೃಪೆ ಮತ್ತು ಶಾಂತಿ ಇರಲಿ.



ಇಂದು ಒಂದು ಕಾಯಿಲೆಯ ಬಗ್ಗೆ ಮಾತನಾಡಬೇಕಾಗಿದೆ. ನಮ್ಮಲ್ಲಿ ಹಲವರು ಅದರ ಹೆಸರನ್ನು ಗಟ್ಟಿಯಾಗಿ ಹೇಳುವುದಿಲ್ಲ. "ಆ ಕೆಮ್ಮು" ಎನ್ನುತ್ತಾರೆ, "ಎದೆಯ ತೊಂದರೆ" ಎನ್ನುತ್ತಾರೆ. ಅದು ಕ್ಷಯ, ಟಿ.ಬಿ. ಜಗತ್ತಿನ ಕ್ಷಯರೋಗಿಗಳಲ್ಲಿ ಸುಮಾರು ನಾಲ್ಕನೇ ಒಂದು ಭಾಗ ನಮ್ಮ ದೇಶದಲ್ಲೇ ಇದ್ದಾರೆ. ನಮ್ಮ ಮೊಹಲ್ಲಾ ಅದರಿಂದ ಹೊರತಲ್ಲ.

ಮೊದಲು ನಮ್ಮದೇ ಒಂದು ತಪ್ಪನ್ನು ಹೇಳಿಕೊಳ್ಳುತ್ತೇವೆ. ಹಿಂದೊಂದು ರಮಝಾನ್‌ಗೆ ನಾಲ್ಕು ದಿನ ಮುಂಚೆ ಗ್ಯಾರೇಜಿನಲ್ಲಿ ದುಡಿಯುವ ಯುವಕನೊಬ್ಬ ಬಂದು, "ಹಝ್ರತ್, ಹಗಲಲ್ಲಿ ಗುಳಿಗೆ ನುಂಗಿದರೆ ರೋಝಾ ಮುರಿಯುತ್ತದೆಯೇ?" ಎಂದು ಕೇಳಿದ. ಮುರಿಯುತ್ತದೆ ಎಂದೆವು. ಅದು ಸರಿಯಾದ ಉತ್ತರವೇ. ಆದರೆ ಯಾವ ಗುಳಿಗೆ, ಯಾಕಾಗಿ, ವೈದ್ಯರನ್ನು ಕೇಳಿದೆಯಾ ಎಂದು ನಾವು ವಿಚಾರಿಸಲಿಲ್ಲ. ಅವನಿಗೆ ಕ್ಷಯದ ಚಿಕಿತ್ಸೆ ಶುರುವಾಗಿ ಎರಡೇ ತಿಂಗಳಾಗಿತ್ತು. ಜ್ವರ ಬಿಟ್ಟಿತ್ತು, ಮೈ ತುಂಬಿಕೊಂಡಿತ್ತು. ಗುಣವಾಯಿತೆಂದುಕೊಂಡು ಗುಳಿಗೆ ನಿಲ್ಲಿಸಿಬಿಟ್ಟ. ಈದ್ ಕಳೆದು ಮೂರು ತಿಂಗಳಿಗೆ ಕೆಮ್ಮು ಮರಳಿತು. ಈ ನಡುವೆ ಮನೆಯವರನ್ನೆಲ್ಲ ಪರೀಕ್ಷೆಗೆ ಕರೆಯಲು ಬಂದ ಆಶಾ ಕಾರ್ಯಕರ್ತೆಯನ್ನು ಮನೆಯ ಹಿರಿಯರು, "ನಮ್ಮ ಮನೆಯಲ್ಲಿ ಯಾರಿಗೂ ಏನೂ ಇಲ್ಲ" ಎಂದು ಬಾಗಿಲಲ್ಲೇ ಕಳುಹಿಸಿದ್ದರು. ಕೆಲವು ತಿಂಗಳ ನಂತರ ಅವನ ಅಣ್ಣನ ಐದು ವರ್ಷದ ಮಗಳಿಗೂ ಕಾಯಿಲೆ ಇರುವುದು ತಿಳಿಯಿತು. ಅಲ್ಹಮ್ದುಲಿಲ್ಲಾಹ್, ಇಂದು ಇಬ್ಬರೂ ಗುಣವಾಗಿದ್ದಾರೆ. ಹೆಸರು ಹೇಳದೆ ಈ ವಿಷಯ ತಿಳಿಸಲು ಆ ಯುವಕನೇ ಒಪ್ಪಿದ್ದಾನೆ.

ಸಹೋದರರೇ, ಕಾಯಿಲೆ ಅಲ್ಲಾಹನ ವಿಧಿ, ನಾವೇನು ಮಾಡುವುದು ಎಂದು ಕೆಲವರು ಹೇಳುತ್ತಾರೆ. ಖಲೀಫ ಉಮರ್(ರ)ರ ಕಾಲದ ಒಂದು ಘಟನೆಯನ್ನು ನೆನಪಿಸಿಕೊಳ್ಳೋಣ. ಅವರು ಶಾಮ್ ನಾಡಿನ ಕಡೆ ಹೊರಟಿದ್ದರು. ಸರ್ಗ್ ಎಂಬಲ್ಲಿಗೆ ತಲುಪಿದಾಗ, ಮುಂದೆ ಸಾಂಕ್ರಾಮಿಕ ಹಬ್ಬಿದೆ ಎಂಬ ಸುದ್ದಿ ಬಂತು. ಅವರು ಒಬ್ಬರೇ ತೀರ್ಮಾನಿಸಲಿಲ್ಲ. ಮುಹಾಜಿರ್‌ಗಳನ್ನು ಕರೆದು ಕೇಳಿದರು. ಅವರಲ್ಲಿ ಎರಡು ಅಭಿಪ್ರಾಯ ಬಂತು. ಅನ್ಸಾರ್‌ಗಳನ್ನು ಕೇಳಿದರು. ಅಲ್ಲೂ ಎರಡು ಅಭಿಪ್ರಾಯ. ಕೊನೆಗೆ ಕುರೈಶ್ ಹಿರಿಯರನ್ನು ಕೇಳಿದರು. ಹಿಂದಿರುಗುವುದೇ ಸರಿ ಎಂದು ಅವರು ಒಮ್ಮತದಿಂದ ಹೇಳಿದರು. ಅಲ್ಲಾಹನ ವಿಧಿಯಿಂದ ಓಡಿಹೋಗುವುದೇ ಎಂದು ಅಬೂ ಉಬೈದ(ರ) ಕೇಳಿದಾಗ, ಒಂದು ವಿಧಿಯಿಂದ ಅಲ್ಲಾಹನದೇ ಇನ್ನೊಂದು ವಿಧಿಯ ಕಡೆಗೆ ಹೋಗುತ್ತಿದ್ದೇವೆ ಎಂಬ ಅರ್ಥದ ಉತ್ತರ ಕೊಟ್ಟರು. ಬಳಿಕ ಅಬ್ದುರ್ರಹ್ಮಾನ್ ಬಿನ್ ಔಫ್(ರ) ಬಂದು, ರೋಗ ಹಬ್ಬಿದ ಊರಿಗೆ ಹೋಗಬಾರದು, ಅಲ್ಲಿರುವವರು ಅಲ್ಲಿಂದ ಓಡಬಾರದು ಎಂಬ ಪ್ರವಾದಿ(ಸ)ರ ಬೋಧನೆಯನ್ನು ತಿಳಿಸಿದರು. ಜನರ ಆರೋಗ್ಯದ ವಿಷಯದಲ್ಲಿ ವಿಚಾರಿಸುವುದು, ಚರ್ಚಿಸುವುದು, ತಿಳಿದವರ ಮಾತಿಗೆ ಬೆಲೆ ಕೊಡುವುದು ನಮಗೆ ಹೊಸತಲ್ಲ.

ಇಂದು ನಮ್ಮ ಬಾಗಿಲಿಗೆ ಬಂದು "ಮನೆಯಲ್ಲಿ ಎಷ್ಟು ಜನ, ಯಾರಿಗಾದರೂ ಎರಡು ವಾರ ದಾಟಿದ ಕೆಮ್ಮು ಇದೆಯೇ" ಎಂದು ಕೇಳುವವರು ಮಾಡುತ್ತಿರುವುದೂ ಇದೇ ವಿಚಾರಣೆಯನ್ನು. ಹೀಗೆ ಕೇಳಿದ್ದರಿಂದ ಏನಾಯಿತು ಎಂಬುದಕ್ಕೆ ಮೂರು ಉದಾಹರಣೆ ಕೊಡುತ್ತೇವೆ.

ಮೊದಲನೆಯದು ಮದ್ರಾಸಿನದು. ಆಗೆಲ್ಲ ಕ್ಷಯ ಬಂದವರನ್ನು ಮನೆಯಿಂದ ದೂರ ಸ್ಯಾನಟೋರಿಯಂನಲ್ಲಿ ಇಡುತ್ತಿದ್ದರು. ಬಡವರಿಗೆ ಅಲ್ಲಿ ಹಾಸಿಗೆಯೇ ಸಿಗುತ್ತಿರಲಿಲ್ಲ. 1956ರಲ್ಲಿ ಆರಂಭವಾದ ಅಧ್ಯಯನದಲ್ಲಿ ಕೆಲವು ರೋಗಿಗಳಿಗೆ ಸ್ಯಾನಟೋರಿಯಂನಲ್ಲೂ ಕೆಲವರಿಗೆ ಅವರ ಇಕ್ಕಟ್ಟಾದ ಮನೆಗಳಲ್ಲೂ ಅದೇ ಔಷಧಿ ಕೊಟ್ಟು ನೋಡಿದರು. 1959ರಲ್ಲಿ ಫಲಿತಾಂಶ ಪ್ರಕಟವಾಯಿತು. ಮನೆಯಲ್ಲಿದ್ದವರೂ ಬಹುತೇಕ ಅಷ್ಟೇ ಚೆನ್ನಾಗಿ ಗುಣವಾಗಿದ್ದರು. ಅವರ ಮನೆಯವರಿಗೆ ಕಾಯಿಲೆ ಹೆಚ್ಚೇನೂ ಹರಡಿರಲಿಲ್ಲ. ಚಿಕಿತ್ಸೆ ಶುರುವಾಗುವುದಕ್ಕೆ ಮುಂಚಿನ ದಿನಗಳೇ ಮನೆಯವರಿಗೆ ಹೆಚ್ಚು ಅಪಾಯದವು. ಹಾಗಾದರೆ ಮನೆಯನ್ನು ಕಾಪಾಡುವುದು ಯಾವುದು? ರೋಗಿಯ ತಟ್ಟೆ ಲೋಟ ಬೇರೆ ಇಡುವುದಲ್ಲ, ಬೇಗ ಪರೀಕ್ಷೆ ಮಾಡಿಸಿ ಗುಳಿಗೆ ಶುರು ಮಾಡುವುದು. ಈ ಕಾಯಿಲೆ ಗಾಳಿಯಿಂದ ಹರಡುತ್ತದೆ, ತಟ್ಟೆಯಿಂದಲ್ಲ.

ಎರಡನೆಯದು ನಮ್ಮ ತುಮಕೂರು ಜಿಲ್ಲೆಯದು. ರಾಷ್ಟ್ರೀಯ ಕ್ಷಯರೋಗ ಸಂಸ್ಥೆ 1959ರಲ್ಲಿ ಬೆಂಗಳೂರಿನಲ್ಲಿ ಆರಂಭವಾಯಿತು. ಬಡ ಹಳ್ಳಿಗರಿಗೆ ಕಾಯಿಲೆಯ ಅರಿವಿಲ್ಲ, ನಾವೇ ಹುಡುಕಿಕೊಂಡು ಹೋಗಬೇಕು ಎಂದು ದೊಡ್ಡವರು ವಾದಿಸುತ್ತಿದ್ದ ಕಾಲ ಅದು. ಬ್ಯಾನರ್ಜಿ ಮತ್ತು ಆಂಡರ್ಸನ್ ಎಂಬ ಇಬ್ಬರು ಸಂಶೋಧಕರು ತುಮಕೂರು ಜಿಲ್ಲೆಯ ರೋಗಿಗಳನ್ನು ಅವರ ಮನೆಗಳಲ್ಲೇ ಕಂಡು ಮಾತನಾಡಿಸಿದರು. ರೋಗಿಗಳಲ್ಲಿ ಅರ್ಧಕ್ಕಿಂತ ತುಸು ಹೆಚ್ಚು ಮಂದಿ ತಾವಾಗಿಯೇ ಚಿಕಿತ್ಸೆ ಕೇಳಿಕೊಂಡು ಹೋಗಿದ್ದರು. ಅವರಿಗೆ ಸಿಕ್ಕಿದ್ದು ಹೆಚ್ಚಾಗಿ ಒಂದು ಬಾಟಲಿ ಕೆಮ್ಮಿನ ಔಷಧಿ. ತಪ್ಪು ಹಳ್ಳಿಯವರದಾಗಿರಲಿಲ್ಲ. ಹತ್ತಿರದ ಸಾಮಾನ್ಯ ಆಸ್ಪತ್ರೆಯಲ್ಲೇ ಕಫ ಪರೀಕ್ಷೆ ಮತ್ತು ಔಷಧಿ ಸಿಗಬೇಕೆಂಬ ಧೋರಣೆಗೆ ಇಂಥ ಅಧ್ಯಯನಗಳೇ ಬುನಾದಿಯಾದವು. ಅಂದು ಆ ಜನ ಬಾಗಿಲು ಹಾಕಿಕೊಂಡಿದ್ದರೆ "ಇವರಿಗೆ ಅರಿವಿಲ್ಲ" ಎಂಬ ಮಾತೇ ಉಳಿಯುತ್ತಿತ್ತು.

ಮೂರನೆಯದು ಇತ್ತೀಚಿನದು. ಮಂಗಳೂರಿನ ಯೆನೆಪೋಯ ವೈದ್ಯಕೀಯ ಕಾಲೇಜಿನ ಡಾ. ಅನುರಾಗ್ ಭಾರ್ಗವ, ಡಾ. ಮಾಧವಿ ಭಾರ್ಗವ ಮತ್ತು ಸಂಗಡಿಗರು ಜಾರ್ಖಂಡ್‌ನ ನಾಲ್ಕು ಜಿಲ್ಲೆಗಳಲ್ಲಿ ಅಧ್ಯಯನ ನಡೆಸಿದರು. ಎಲ್ಲ ರೋಗಿಗಳಿಗೂ ಪಡಿತರ ಕೊಟ್ಟರು. ಒಂದು ಗುಂಪಿನಲ್ಲಿ ಮನೆಯವರಿಗೂ ತಲಾ ತಿಂಗಳಿಗೆ 5 ಕಿಲೋ ಅಕ್ಕಿ, ಒಂದೂವರೆ ಕಿಲೋ ಬೇಳೆ, ಜೊತೆಗೆ ವಿಟಮಿನ್ ಗುಳಿಗೆ ಕೊಟ್ಟರು. 2023ರಲ್ಲಿ ಫಲಿತಾಂಶ ಬಂತು. ಆಹಾರ ಸಿಕ್ಕಿದ ಮನೆಯವರಲ್ಲಿ ಹೊಸದಾಗಿ ಕ್ಷಯ ಬರುವುದು ಶೇ. 39ರಷ್ಟು ಕಡಿಮೆಯಾಗಿತ್ತು. ಲಸಿಕೆಯಲ್ಲ, ದುಬಾರಿ ಔಷಧಿಯಲ್ಲ, ಅನ್ನ ಮತ್ತು ಬೇಳೆ!

ಸರಕಾರ ಇಂದು ಚಿಕಿತ್ಸೆಯಲ್ಲಿರುವ ರೋಗಿಯ ಖಾತೆಗೆ ಪೌಷ್ಟಿಕ ಆಹಾರಕ್ಕೆಂದು ಹಣ ಹಾಕುತ್ತದೆ. 2018ರಲ್ಲಿ ತಿಂಗಳಿಗೆ 500 ರೂಪಾಯಿಯಿಂದ ಶುರುವಾದದ್ದು 2024ರ ನವೆಂಬರ್‌ನಿಂದ 1,000 ರೂಪಾಯಿ ಆಗಿದೆ. ಹಣ ಕೊಡುವುದು ಒಳ್ಳೆಯದೋ, ಆಹಾರವನ್ನೇ ಕೊಡುವುದು ಒಳ್ಳೆಯದೋ, ರೋಗಿಗೆ ಮಾತ್ರ ಸಾಕೋ, ಮನೆಯವರಿಗೂ ಬೇಕೋ ಎಂಬ ಚರ್ಚೆ ಮುಗಿದಿಲ್ಲ. ಅದು ನಡೆಯಲಿ. ಆದರೆ ನಮ್ಮ ಮನೆಯಲ್ಲಿ ಆ ಸಾವಿರ ರೂಪಾಯಿ ರೋಗಿಯ ತಟ್ಟೆಗೆ ತಲುಪುತ್ತಿದೆಯೇ? ಸೊಸೆಗೆ ಕಾಯಿಲೆಯಾದರೆ, ಎಲ್ಲರೂ ಉಂಡ ಮೇಲೆ ಉಳಿದದ್ದನ್ನೇ ಅವಳು ತಿನ್ನುತ್ತಿದ್ದಾಳೆಯೇ? ಇದಕ್ಕೆ ಉತ್ತರ ಕೊಡಬೇಕಾದವರು ಮಂತ್ರಿಗಳಲ್ಲ, ನಾವು. ಕಿಯಾಮತ್ ದಿನ ನಮ್ಮ ಅಡುಗೆಮನೆಯ ಬಗ್ಗೆಯೂ ಪ್ರಶ್ನೆ ಇದೆ.

ಸಹೋದರರೇ, ಬಾಗಿಲು ಹಾಕಿಕೊಳ್ಳುವುದಕ್ಕೆ ಕಾರಣಗಳಿವೆ ಎಂಬುದು ನಮಗೆ ಗೊತ್ತು. ಯಾರೇ ಕಾಗದ ಹಿಡಿದು ಬಂದರೂ ಇನ್ಯಾವ ದಾಖಲೆ ಕೇಳುತ್ತಾರೋ ಎಂಬ ಅಂಜಿಕೆ ನಮ್ಮ ಹಿರಿಯರಲ್ಲಿದೆ. ಬಂದವರ ಗುರುತಿನ ಚೀಟಿ ಕೇಳಿ, ಯಾಕಾಗಿ ಕೇಳುತ್ತಿದ್ದೀರಿ ಎಂದು ವಿಚಾರಿಸಿ. ಸಂಶೋಧನೆಗಾದರೆ ಒಪ್ಪಿಗೆ ಕೊಡುವುದೂ ಬಿಡುವುದೂ ನಿಮ್ಮ ಹಕ್ಕು. ಆದರೆ ಉತ್ತರ ಕೊಡುವುದಾದರೆ ನಿಜ ಹೇಳಿ. ಅದು ಅಮಾನತ್. ಮುಚ್ಚಿಟ್ಟ ಕಾಯಿಲೆ ಲೆಕ್ಕಕ್ಕೆ ಸೇರುವುದಿಲ್ಲ. ಲೆಕ್ಕಕ್ಕೆ ಸೇರದ ಮೊಹಲ್ಲಾಕ್ಕೆ ಪರೀಕ್ಷೆಯೂ ಬರುವುದಿಲ್ಲ, ಔಷಧಿಯೂ ಬರುವುದಿಲ್ಲ. ಆಮೇಲೆ "ನಮ್ಮನ್ನು ಯಾರೂ ಕೇಳುವುದಿಲ್ಲ" ಎಂದು ದೂರುವುದು ಹೇಗೆ?

ಇನ್ನೊಂದು ಅಂಜಿಕೆ ಹೆಣ್ಣುಮಕ್ಕಳ ಮದುವೆಯದು. ಆರು ತಿಂಗಳ ಗುಳಿಗೆ ಪೂರ್ತಿ ಮಾಡಿ ಗುಣವಾದ ಹುಡುಗಿ ಎಲ್ಲರಂತೆ ಸಂಸಾರ ನಡೆಸಬಲ್ಲಳು, ತಾಯಿಯಾಗಬಲ್ಲಳು. ಹೆಣ್ಣಿನ ಕಡೆಯವರು ಸುಳ್ಳು ಹೇಳಬೇಡಿ. ಗಂಡಿನ ಕಡೆಯವರು ನೆರೆಮನೆಯ ಮಾತು ಕೇಳಬೇಡಿ, ವೈದ್ಯರ ಮಾತು ಕೇಳಿ. ಇನ್ನೊಬ್ಬರ ಕಾಯಿಲೆಯನ್ನು ಚಹಾದಂಗಡಿಯಲ್ಲಿ ಆಡಿಕೊಳ್ಳುವುದು ಗೀಬತ್ ಎಂಬುದನ್ನು ಎಲ್ಲರೂ ನೆನಪಿಡಿ. ನಮ್ಮ ನಾಲಿಗೆಗೆ ಹೆದರಿಯೇ ಜನ ಕಾಯಿಲೆ ಮುಚ್ಚಿಡುತ್ತಾರೆ.

ಇನ್ನು ಮಾಡಬೇಕಾದ ಕೆಲಸ. ಎರಡು ವಾರ ಮೀರಿದ ಕೆಮ್ಮು, ಸಂಜೆಯ ಜ್ವರ, ರಾತ್ರಿ ಬೆವರು, ತೂಕ ಇಳಿಯುವುದು, ಕಫದಲ್ಲಿ ರಕ್ತ, ಇವುಗಳಲ್ಲಿ ಏನು ಕಂಡರೂ ಸರಕಾರಿ ಆಸ್ಪತ್ರೆಗೆ ಹೋಗಿ. ಪರೀಕ್ಷೆಯೂ ಗುಳಿಗೆಯೂ ಉಚಿತ. ಮನೆಯಲ್ಲಿ ಒಬ್ಬರಿಗಿದ್ದರೆ ಎಲ್ಲರೂ, ಮಕ್ಕಳೂ ಸೇರಿ, ಪರೀಕ್ಷೆ ಮಾಡಿಸಿ. ಕಾಯಿಲೆ ಬಾರದಂತೆ ತಡೆಯುವ ಗುಳಿಗೆಯೂ ಇದೆ. ಗುಣವಾದಂತೆ ಕಂಡರೂ ಗುಳಿಗೆ ನಿಲ್ಲಿಸಬೇಡಿ. ರಮಝಾನ್‌ನಲ್ಲಿ ರೋಝಾ ಹಿಡಿಯಬಹುದೇ ಎಂದು ವೈದ್ಯರನ್ನು ಕೇಳಿ. ರೋಗಿಗೆ ರೋಝಾ ಬಿಟ್ಟು ಮುಂದೆ ಪೂರೈಸುವ ರಿಯಾಯಿತಿಯನ್ನು ಅಲ್ಲಾಹನೇ ಕುರ್‌ಆನ್‌ನಲ್ಲಿ ಕೊಟ್ಟಿದ್ದಾನೆ. ಅವನು ಕೊಟ್ಟದ್ದನ್ನು ಪಡೆಯಲು ನಾಚಿಕೆಯೇಕೆ?

ನಾವೂ ತಿದ್ದಿಕೊಂಡಿದ್ದೇವೆ. ಈಗ ಯಾರಾದರೂ ಗುಳಿಗೆಯ ಮಸ್‌ಅಲ ಕೇಳಿದರೆ, ಮೊದಲು "ಯಾವ ಕಾಯಿಲೆ, ವೈದ್ಯರು ಏನೆಂದರು" ಎಂದು ಕೇಳುತ್ತೇವೆ. ಮಸೀದಿಯ ಕಿಟಕಿಗಳನ್ನು ಐದು ಹೊತ್ತೂ ತೆರೆದಿಡಲು ಹೇಳಿದ್ದೇವೆ. ಜಮಾಅತ್ ಕಮಿಟಿಯ ಮುಂದೆಯೂ ಒಂದು ಕೋರಿಕೆ ಇಟ್ಟಿದ್ದೇವೆ. ಚಿಕಿತ್ಸೆಯಲ್ಲಿರುವ ಮನೆಗೆ, ಹೆಸರು ಹೊರಗೆ ಬಾರದಂತೆ, ಆರು ತಿಂಗಳು ಅಕ್ಕಿ, ಬೇಳೆ, ಮೊಟ್ಟೆ ತಲುಪಿಸುವ ವ್ಯವಸ್ಥೆ ಆಗಲಿ. ಒಂದು ಜೀವ ಉಳಿಸಿದವನು ಇಡೀ ಮನುಕುಲವನ್ನೇ ಉಳಿಸಿದಂತೆ ಎಂದು ಕಲಿತವರು ನಾವು. ನಮ್ಮ ಮೊಹಲ್ಲಾದಲ್ಲಿ ಅದರ ಬೆಲೆ ತಿಂಗಳಿಗೆ ಕೆಲವು ಕಿಲೋ ಅಕ್ಕಿ ಬೇಳೆ.

ಅಲ್ಲಾಹನೇ, ನಮ್ಮ ರೋಗಿಗಳಿಗೆ ಶಿಫಾ ನೀಡು. ಅವರ ಸೇವೆ ಮಾಡುವ ವೈದ್ಯರಿಗೆ, ಬಿಸಿಲಲ್ಲಿ ಮನೆಮನೆ ಅಲೆಯುವ ಆಶಾ ಸಹೋದರಿಯರಿಗೆ ಉತ್ತಮ ಪ್ರತಿಫಲ ಕೊಡು. ನಮ್ಮ ನಾಲಿಗೆಗೆ ಸತ್ಯವನ್ನು, ನಮ್ಮ ಮನೆಗಳಿಗೆ ಕರುಣೆಯನ್ನು ಕೊಡು. ಆಮೀನ್.