ಹಳಿ ಕಾಣದ ಊರಿನಿಂದ ಪ್ಯಾಸೆಂಜರ್ ಗಾಡಿಯ ಪರವಾಗಿ: ಸಮ್ಮೇಳನಾಧ್ಯಕ್ಷರ ಭಾಷಣ

ಕೊಳ್ಳೇಗಾಲ, ಹನೂರು, ಯಳಂದೂರು ತಾಲ್ಲೂಕುಗಳ ಮಹಾಜನರೇ,

ರೈಲಿನ ನಾಳೆಗಳನ್ನು ಕುರಿತ ಸಮ್ಮೇಳನ ಹಳಿಯೇ ಇಲ್ಲದ ಊರಿನಲ್ಲಿ ಸೇರಿದೆ. ಸೇರಬೇಕಾದ ಜಾಗವೂ ಇದೇ. ಇಲ್ಲಿಯವರಿಗೆ ರೈಲು ಎಂದರೆ ಬಸ್ಸು ಹತ್ತಿ ಚಾಮರಾಜನಗರಕ್ಕೋ ಮೈಸೂರಿಗೋ ಹೋಗಿ ಹಿಡಿಯಬೇಕಾದ ಗಾಡಿ. ಸರ್ಕಾರದ ಹಣದಲ್ಲಿ ಓಡುವ ಆ ಗಾಡಿ ಇನ್ನೆಷ್ಟು ಕಾಲ ಬಡವರ ಕೈಗೆಟುಕುತ್ತದೆ ಎಂಬುದೇ ಇಂದಿನ ಪ್ರಶ್ನೆ.

ಮೈಸೂರಿನಿಂದ ನಂಜನಗೂಡಿಗೆ 1891ರಲ್ಲಿ ಬಂದ ಹಳಿ 1926ರಲ್ಲಿ ಚಾಮರಾಜನಗರ ಮುಟ್ಟಿ ಅಲ್ಲೇ ನಿಂತಿತು. ಯಳಂದೂರು ದಿವಾನ್ ಪೂರ್ಣಯ್ಯನವರ ಮನೆತನದ ಜಹಗೀರಾಗಿತ್ತು. ಕೊಳ್ಳೇಗಾಲ 1956ರ ತನಕ ಮದ್ರಾಸಿನ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಇಂದಿನ ಹನೂರು ಅದರ ಮಡಿಲಲ್ಲೇ ಇತ್ತು. ಮೈಸೂರು ಸರ್ಕಾರಕ್ಕೆ ಕೊಳ್ಳೇಗಾಲದ ಸೀಮೆ ಗಡಿಯಾಚೆ, ಮದ್ರಾಸ್ ಸರ್ಕಾರಕ್ಕೆ ಘಟ್ಟದಾಚೆ. ಆದರೆ ಪಕ್ಕದ ಶಿವನಸಮುದ್ರದ ವಿದ್ಯುತ್ತು 1902ರಲ್ಲಿ 147 ಕಿ.ಮೀ. ದೂರದ ಕೋಲಾರದ ಚಿನ್ನದ ಗಣಿಗೆ ಹೋಯಿತು. ಬೇಕೆನಿಸಿದಾಗ ದೂರ ಅಡ್ಡಿಯಾಗಲಿಲ್ಲ.

ಆಸೆ ಚಿಗುರಿದ್ದು 1996-97ರಲ್ಲಿ. ಬೆಂಗಳೂರಿನಿಂದ ಕನಕಪುರ, ಮಳವಳ್ಳಿ, ಕೊಳ್ಳೇಗಾಲ, ಯಳಂದೂರು, ಚಾಮರಾಜನಗರ ಹಾದು ಸತ್ಯಮಂಗಲಕ್ಕೆ ಹೋಗುವ ಸುಮಾರು 260 ಕಿ.ಮೀ. ಮಾರ್ಗ ರೈಲ್ವೆ ಬಜೆಟ್ಟಿನಲ್ಲಿ ಬಂತು. ತಮಿಳುನಾಡಿನ ಕಡೆಯ ಕಾಡಿನೊಳಗೆ ಹಳಿ ಹಾಕಲು ಒಪ್ಪಿಗೆ ಸಿಗಲಿಲ್ಲ. ಆನೆಗಳು ಓಡಾಡುವ ಆ ಕಾಡನ್ನು ಸೀಳಬೇಕೆಂದು ಈ ವೇದಿಕೆ ಕೇಳುವುದೂ ಇಲ್ಲ. ಮಾರ್ಗ ಬೆಂಗಳೂರಿನ ಬಳಿಯ ಹೆಜ್ಜಾಲದಿಂದ ಚಾಮರಾಜನಗರದವರೆಗಿನ 142 ಕಿ.ಮೀ.ಗೆ ಇಳಿಯಿತು, ಭೂಮಿಯನ್ನು ರಾಜ್ಯವೇ ಕೊಟ್ಟು ಅರ್ಧ ಖರ್ಚನ್ನೂ ಹೊರಬೇಕೆಂಬ ಷರತ್ತು ಸೇರಿತು. ಕೊಳ್ಳೇಗಾಲದ ರೇಷ್ಮೆಗೂ ಮಾದಪ್ಪನ ಬೆಟ್ಟದ ಯಾತ್ರಿಕರಿಗೂ ಒದಗಬೇಕಾದ ಆ ಹಳಿ ಇನ್ನೂ ಕಡತದಲ್ಲಿದೆ.

ಕಡತವನ್ನು ತಡೆಯುವ ಮಾತು ಒಂದೇ: ಹಾಕಿದ ಹಣಕ್ಕೆ ತಕ್ಕ ಆದಾಯವಿಲ್ಲ. ಓಡುತ್ತಿರುವ ಗಾಡಿಗಳನ್ನೂ ಇದೇ ಮಾತು ಹಿಂಡುತ್ತಿದೆ.

ಕೋವಿಡ್‌ನಿಂದಾಗಿ 2020ರ ಮಾರ್ಚಿನಲ್ಲಿ ನಿಂತ ಪ್ಯಾಸೆಂಜರ್ ಗಾಡಿಗಳು ಮತ್ತೆ ಹೊರಟಾಗ ‘ವಿಶೇಷ’ ಗಾಡಿಗಳಾಗಿದ್ದವು. ಬೋಗಿ ಅದೇ, ವೇಗ ಅದೇ, ಕನಿಷ್ಠ ದರ ಮಾತ್ರ 10 ರೂಪಾಯಿಯಿಂದ 30ಕ್ಕೆ ಏರಿತ್ತು. ಹಳೆಯ ದರ ಮರಳಲು 2024ರ ಫೆಬ್ರುವರಿ ಬರಬೇಕಾಯಿತು. ಅಷ್ಟು ವರ್ಷ ದಿನಗೂಲಿಯವರು ತೆತ್ತ ಹೆಚ್ಚಿನ ಹಣವನ್ನು ಯಾರೂ ಹಿಂದಿರುಗಿಸಿಲ್ಲ. 60 ದಾಟಿದ ಗಂಡಸರಿಗೆ ಶೇ. 40, 58 ದಾಟಿದ ಹೆಂಗಸರಿಗೆ ಶೇ. 50 ಇದ್ದ ರಿಯಾಯಿತಿ 2020ರ ಮಾರ್ಚಿನಲ್ಲಿ ಹೋದದ್ದು ಹೋಯಿತು. 200 ಕಿ.ಮೀ.ಗಿಂತ ಹೆಚ್ಚು ದೂರ ಓಡುವ ಪ್ಯಾಸೆಂಜರ್ ಗಾಡಿಗಳನ್ನು ಎಕ್ಸ್‌ಪ್ರೆಸ್ ಮಾಡುವ ಯೋಜನೆಯೂ 2020ರದ್ದೇ. ಎಕ್ಸ್‌ಪ್ರೆಸ್ ಆಯಿತೆಂದರೆ ದರ ಏರುತ್ತದೆ, ಸಣ್ಣ ನಿಲ್ದಾಣಗಳಿಗೆ ಕುತ್ತು ಬರುತ್ತದೆ.

ಪ್ರಯಾಣದ ಖರ್ಚಿನಲ್ಲಿ ಶೇ. 57 ಮಾತ್ರ ವಸೂಲಾಗುತ್ತದೆ ಎಂದು ರೈಲ್ವೆ ಟಿಕೆಟ್ಟಿನ ಮೇಲೆಯೇ ಅಚ್ಚು ಹಾಕಿಸಿತು. 2022-23ರಲ್ಲಿ ಪ್ರಯಾಣಿಕರಿಗೆ ಕೊಟ್ಟ ಸಬ್ಸಿಡಿ 56,993 ಕೋಟಿ ರೂಪಾಯಿ ಎಂದು ಸರ್ಕಾರ ಹೇಳಿದೆ. ಮೊತ್ತ ದೊಡ್ಡದೇ. ಆದರೆ ಜಿಲ್ಲಾ ಆಸ್ಪತ್ರೆಯ ಚೀಟಿಯ ಮೇಲೆ, ಸರ್ಕಾರಿ ಶಾಲೆಯ ಅಂಕಪಟ್ಟಿಯ ಮೇಲೆ ಇಂಥ ಬರಹ ಇರುವುದಿಲ್ಲ. ಜನರಲ್ ಬೋಗಿಯಲ್ಲಿ ನಿಂತು ಹೋಗುವವರಿಗೆ ಮಾತ್ರ ಸಾಲ ನೆನಪಿಸುವುದು ಅನ್ಯಾಯ.

ಬೇರೆ ದಾರಿಯಿದೆ, ಮನೆಯಂಗಳದಲ್ಲೇ ಇದೆ. 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯಲ್ಲಿ ಹೆಂಗಸರ ಉಚಿತ ಬಸ್ ಪ್ರಯಾಣದ ದುಡ್ಡನ್ನು ರಾಜ್ಯ ಸರ್ಕಾರ ತನ್ನ ಬಜೆಟ್ಟಿನಿಂದ ಸಾರಿಗೆ ನಿಗಮಗಳಿಗೆ ಕಟ್ಟಿಕೊಡುತ್ತದೆ. ಕಟ್ಟುವುದು ತಡವಾದರೆ ನಿಗಮ ಸೊರಗುತ್ತದೆ, ನಿಜ. ಆದರೂ ಹೊಣೆ ಯಾರದೆಂಬುದು ಎಲ್ಲರಿಗೂ ಗೊತ್ತಿದೆ.

ಹೊರದೇಶದಲ್ಲೂ ಇಂಥ ಉದಾಹರಣೆಯಿದೆ. ಅಮೆರಿಕದಲ್ಲಿ 1971ರಲ್ಲಿ ಹುಟ್ಟಿದ ಪ್ರಯಾಣಿಕ ರೈಲು ಸಂಸ್ಥೆ ಆಮ್‌ಟ್ರ್ಯಾಕ್‌ನ ದೂರದ ಗಾಡಿಗಳೂ ಸರ್ಕಾರದ ಹಣದ ನೆರವಿನಿಂದಲೇ ಓಡುತ್ತವೆ. 750 ಮೈಲಿಗಿಂತ ಕಡಿಮೆ ದೂರದ ಮಾರ್ಗಗಳ ಖರ್ಚನ್ನು ರಾಜ್ಯಗಳು ಹೊರಬೇಕೆಂದು 2008ರ ಕಾನೂನು ಹೇಳಿತು. ಶಿಕಾಗೋ–ಲಾಸ್ ಏಂಜಲೀಸ್ ನಡುವಿನ ‘ಸೌತ್‌ವೆಸ್ಟ್ ಚೀಫ್’ ಗಾಡಿಯನ್ನು ನಡುದಾರಿಯಲ್ಲಿ ಕಡಿದು ಬಸ್ಸು ಬಿಡುವ ಆಲೋಚನೆ 2018ರಲ್ಲಿ ಬಂದಾಗ ಕಾನ್ಸಾಸ್, ಕೊಲೊರಾಡೊ, ನ್ಯೂ ಮೆಕ್ಸಿಕೊದ ಸಣ್ಣ ಊರುಗಳು ತಿರುಗಿಬಿದ್ದವು. ಅವರ ಸಂಸದರು ಪಕ್ಷ ಮರೆತು ಒಂದಾದರು. ಗಾಡಿ ಉಳಿಯಿತು.

ಈ ಮೂರು ತಾಲ್ಲೂಕುಗಳ ಜನಪ್ರತಿನಿಧಿಗಳಿಂದ ಕೇಳುವುದು ಅದೇ ಒಗ್ಗಟ್ಟನ್ನು. ಮಧ್ಯಾಹ್ನ ಮಂಡನೆಯಾಗುವ ನಿರ್ಣಯದಲ್ಲಿ ಮೂರು ಮಾತು ಖಚಿತವಾಗಿ ಇರಲಿ. ಚಾಮರಾಜನಗರ–ಮೈಸೂರು ಪ್ಯಾಸೆಂಜರ್ ಗಾಡಿಗಳು ಇಂದಿನ ದರದಲ್ಲೇ, ಇಂದಿನ ನಿಲುಗಡೆಗಳೊಡನೆಯೇ ಓಡಬೇಕು. ಆ ಗಾಡಿಗಳ ನಷ್ಟವನ್ನು ಕೇಂದ್ರ ಬಜೆಟ್ ಸಾರ್ವಜನಿಕ ಸೇವೆಯ ಖರ್ಚೆಂದು ತುಂಬಿಕೊಡಬೇಕು. ಹೆಜ್ಜಾಲ ಮಾರ್ಗಕ್ಕೆ ಎರಡೂ ಸರ್ಕಾರಗಳು ವರ್ಷಕ್ಕೆ ಎಷ್ಟೆಷ್ಟು ಹಣ ಇಡುತ್ತವೆ, ಭೂಸ್ವಾಧೀನ ಯಾವ ತಾಲ್ಲೂಕಿನಿಂದ ಎಂದು ಶುರು ಎಂಬುದಕ್ಕೆ ಬೆಂಗಳೂರಿನಿಂದಲೂ ಹುಬ್ಬಳ್ಳಿಯ ನೈರುತ್ಯ ರೈಲ್ವೆ ಪ್ರಧಾನ ಕಚೇರಿಯಿಂದಲೂ ಲಿಖಿತ ಉತ್ತರ ಬರಬೇಕು.