'ಬಗ್' ಎಂದೊಡನೆ ತಲೆಯೊಳಗೆ ಏನಾಗುತ್ತದೆ?

ಮಕ್ಕಳೇ, ಇಂಗ್ಲಿಷಿನಲ್ಲಿ 'ಬಗ್' ಎಂಬ ಪುಟ್ಟ ಪದವಿದೆ. ಗೋಡೆಯ ಮೇಲೆ ಹರಿದಾಡುವ ಹುಳು ಬಗ್. ನೆಗಡಿ, ಜ್ವರ ತರುವ ರೋಗಾಣುವೂ ಬಗ್. ಮೊಬೈಲಿನ ಆಟ ನಡುವೆ ಸ್ತಬ್ಧವಾಗಿ ನಿಂತುಬಿಟ್ಟರೆ ಪ್ರೋಗ್ರಾಂನಲ್ಲಿ ಬಗ್ ಇದೆ ಅನ್ನುತ್ತೇವೆ, ಅಂದರೆ ಬರೆದವರ ಕಣ್ಣಿಗೆ ಬೀಳದೆ ಉಳಿದ ತಪ್ಪು. ಗೂಢಚಾರರು ಕೋಣೆಯಲ್ಲಿ ಅಡಗಿಸಿಟ್ಟು ಮಾತು ಕದ್ದು ಕೇಳುವ ಪುಟಾಣಿ ಮೈಕಿಗೂ ಅದೇ ಹೆಸರು. ಕೀಟವಿಜ್ಞಾನಿಗಳನ್ನು ಕೇಳಿದರೆ ಅವರ ಲೆಕ್ಕ ಇನ್ನೂ ಬಿಗಿ. ಚುಚ್ಚಿ ಹೀರುವ ಬಾಯಿಯುಳ್ಳ, ಹೆಮಿಪ್ಟೆರಾ ಎಂಬ ಗಣಕ್ಕೆ ಸೇರಿದ ಕೀಟ ಮಾತ್ರ ಅವರಿಗೆ ನಿಜವಾದ ಬಗ್. ತಿಗಣೆ ಆ ಗುಂಪಿನದು, ಜಿರಳೆ ಅಲ್ಲ. ಎಂಟು ಕಾಲಿನ ಜೇಡವಂತೂ ಕೀಟವೇ ಅಲ್ಲ.

ಕಂಪ್ಯೂಟರಿನ ಬಗ್‌ಗೆ ಒಂದು ಕಥೆಯಿದೆ. 1947ರಲ್ಲಿ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ 'ಮಾರ್ಕ್ 2' ಎಂಬ ದೊಡ್ಡ ಗಣಕಯಂತ್ರದ ರಿಲೇ ಎಂಬ ಸ್ವಿಚ್ಚೊಂದರಲ್ಲಿ ಪತಂಗ ಸಿಕ್ಕಿಕೊಂಡಿತ್ತು. ಕೆಲಸಗಾರರು ಅದನ್ನು ತೆಗೆದು ದಿನಚರಿ ಪುಸ್ತಕಕ್ಕೆ ಟೇಪಿನಿಂದ ಅಂಟಿಸಿ, ನಿಜವಾದ ಬಗ್ ಸಿಕ್ಕಿತು ಎಂಬರ್ಥದ ಮಾತು ಬರೆದಿಟ್ಟರು. ಪದ ಹುಟ್ಟಿದ್ದೇ ಅಲ್ಲಿ ಎಂದು ಹಲವರು ನಂಬಿದ್ದಾರೆ. ಹಾಗಲ್ಲ. 1878ರಲ್ಲೇ ಥಾಮಸ್ ಆಲ್ವಾ ಎಡಿಸನ್ ತಮ್ಮ ಕಾಗದವೊಂದರಲ್ಲಿ ಯಂತ್ರಗಳ ಸಣ್ಣಪುಟ್ಟ ತೊಡಕುಗಳಿಗೆ ಈ ಹೆಸರು ಬಳಸಿದ್ದರು. ಮೊದಲೇ ಪದ ಬಳಕೆಯಲ್ಲಿದ್ದುದರಿಂದಲೇ ಹಾರ್ವರ್ಡಿನವರಿಗೆ ಆ ತಮಾಷೆ ಹೊಳೆದದ್ದು.

ಇಷ್ಟೊಂದು ಅರ್ಥಗಳಿದ್ದರೂ ಕೇಳುವವರಿಗೆ ಗೊಂದಲವೇಕೆ ಆಗುವುದಿಲ್ಲ? ಡೇವಿಡ್ ಸ್ವಿನ್ನಿ ಎಂಬ ಮನೋವಿಜ್ಞಾನಿ 1979ರಲ್ಲಿ ಇದನ್ನು ಪರೀಕ್ಷಿಸಿದ ರೀತಿ ಬಹಳ ಸೊಗಸು. ಅವರು ಜನರಿಗೆ ಒಂದು ಸಣ್ಣ ಪ್ರಸಂಗ ಕೇಳಿಸಿದರು: ಒಬ್ಬಾತನಿಗೆ ತನ್ನ ಕೋಣೆಯ ಮೂಲೆಯಲ್ಲಿ ಜೇಡ, ಜಿರಳೆ ಮತ್ತು ಬೇರೆ 'ಬಗ್'ಗಳು ಕಂಡವು. ಬಗ್ ಎಂಬ ಮಾತು ಕಿವಿಗೆ ಬಿದ್ದ ಕ್ಷಣವೇ ಎದುರಿನ ಪರದೆಯಲ್ಲಿ ಒಂದು ಪದ ಮೂಡುತ್ತಿತ್ತು. ಅದು 'ಇರುವೆ' ಇರಬಹುದು, 'ಗೂಢಚಾರ' ಇರಬಹುದು, ಅಥವಾ ಸಂಬಂಧವೇ ಇಲ್ಲದ ಹೊಲಿಗೆಯ ಪದ ಇರಬಹುದು. ಪರದೆಯಲ್ಲಿರುವುದು ನಿಜವಾದ ಪದವೋ, ಸುಮ್ಮನೆ ಜೋಡಿಸಿದ ಅಕ್ಷರಗಳೋ ಎಂದು ಗುಂಡಿ ಒತ್ತಿ ಹೇಳಬೇಕು. ಈಗಷ್ಟೇ ಕೇಳಿದ್ದಕ್ಕೆ ನಂಟಿರುವ ಪದವನ್ನು ನಾವು ಬೇಗ ಗುರುತಿಸುತ್ತೇವೆ. ಸ್ವಿನ್ನಿ ಅಳೆದದ್ದು ಆ ವೇಗವನ್ನೇ.

ಕಥೆಯಲ್ಲಿ ಜೇಡ, ಜಿರಳೆ ಬಂದಾಗಿದೆ, ಹಾಗಾಗಿ ಇರುವೆ ಮಾತ್ರ ಬೇಗ ಹೊಳೆಯಬೇಕಲ್ಲವೇ? ಆದರೆ ಗೂಢಚಾರನೂ ಅಷ್ಟೇ ಬೇಗ ಹೊಳೆದ! ಹೊಲಿಗೆಯ ಪದ ಮಾತ್ರ ಹಿಂದುಳಿಯಿತು. ಅದೇ ಪರೀಕ್ಷೆಯನ್ನು 'ಬಗ್' ಕೇಳಿಸಿ ಇನ್ನೂ ಮೂರಕ್ಷರ ಕಳೆದ ಮೇಲೆ ಮಾಡಿದಾಗ ಇರುವೆಯೊಂದೇ ಬೇಗ ಸಿಕ್ಕಿತು. ಗೂಢಚಾರ ಅಷ್ಟರೊಳಗೆ ಮಸುಕಾಗಿದ್ದ.

ತರಗತಿಯಲ್ಲಿ ಒಂದೇ ಹೆಸರಿನ ಇಬ್ಬರಿದ್ದರೆ, ಟೀಚರ್ ಆ ಹೆಸರು ಕೂಗಿದಾಗ ಇಬ್ಬರೂ ಏಳುತ್ತಾರಲ್ಲ, ಮುಂದಿನ ಮಾತು ಕೇಳಿ ಒಬ್ಬರು ಕೂರುತ್ತಾರಲ್ಲ, ಹಾಗೆ. ಅರ್ಥಗಳು ಮೊದಲು ಒಟ್ಟಿಗೆ ಏಳುತ್ತವೆ. ಹೊಂದದ್ದು ಕೂರುತ್ತದೆ. ಇದೆಲ್ಲ ಸುಮಾರು ಒಂದು ಸೆಕೆಂಡಿನೊಳಗೆ, ನಮ್ಮ ಗಮನಕ್ಕೇ ಬಾರದಂತೆ ಮುಗಿದುಹೋಗುತ್ತದೆ. ತುಂಬ ಬಳಕೆಯಲ್ಲಿರುವ ಅರ್ಥ ಮಿಕ್ಕವಕ್ಕಿಂತ ಸುಲಭವಾಗಿ ಏಳುತ್ತದೆ ಎಂದು ಆಮೇಲಿನ ಪ್ರಯೋಗಗಳು ತೋರಿಸಿವೆ. ಮಿದುಳಿನ ಈ ಚುರುಕು ನನಗಂತೂ ಯಾವ ಕಂಪ್ಯೂಟರಿಗಿಂತಲೂ ದೊಡ್ಡ ಬೆರಗು.

ಕನ್ನಡದಲ್ಲೂ ಇಂಥ ಪದಗಳಿಗೆ ಬರವಿಲ್ಲ. "ಹತ್ತು ಮೆಟ್ಟಿಲು ಹತ್ತು" ಎಂದರೆ ಎರಡು 'ಹತ್ತು'ಗಳಲ್ಲಿ ಸಂಖ್ಯೆ ಯಾವುದು, ಕೆಲಸ ಯಾವುದು ಎಂದು ನಿಮಗೆ ಯಾರೂ ಬಿಡಿಸಿ ಹೇಳಬೇಕಿಲ್ಲ. 'ಅರಸು', 'ಕರಿ', 'ನೆರೆ' ಇವನ್ನೂ ನೋಡಿ. ಒಂದೊಂದನ್ನೂ ಎರಡೆರಡು ಅರ್ಥ ಬರುವಂತೆ ವಾಕ್ಯದಲ್ಲಿ ಬರೆಯಿರಿ. ಆಮೇಲೆ, ಸರಿಯಾದ ಅರ್ಥದ ಸುಳಿವು ಕೊಟ್ಟ ಪಕ್ಕದ ಪದ ಯಾವುದೆಂದು ಹುಡುಕಿ ಅದರ ಕೆಳಗೆ ಗೆರೆ ಎಳೆಯಿರಿ.