ಅಸ್ಥಿಸಂಧಾನವಿದ್ಯೆ: ಒಂದು ಮನೆತನದ ಕಾಯಕ
(ಮಹೋತ್ಸವದ ಸಭೆಯಲ್ಲಿ ನಡೆದ ಉಪನ್ಯಾಸ)



ಇಷ್ಟಲಿಂಗವನ್ನು ಧರಿಸಿದ ಅಂಗವು ಕಾಯಕಕ್ಕೆ ಸಾಧನವಾದುದು. ದುಡಿಯುವ ರೈತನೊಬ್ಬನ ಕಾಲು ಮುರಿದರೆ ಆತನೊಬ್ಬನೇ ಬೀಳುವದಿಲ್ಲ. ಆತನ ಕಾಯಕವೂ, ಆ ಕಾಯಕದಿಂದ ನಡೆಯುವ ದಾಸೋಹವೂ, ಆತನನ್ನೇ ನಂಬಿದ ಮಕ್ಕಳ ಅನ್ನವೂ ಒಮ್ಮೆಲೆ ಬೀಳುವವು. ಆದುದರಿಂದ ಮುರಿದ ಎಲುಬನ್ನು ಕೂಡಿಸುವ ವಿದ್ಯೆಯನ್ನು ಅಲ್ಪವೆಂದು ಎಣಿಸಲಾಗದು.

ಈ ವಿದ್ಯೆಯು ಭರತಖಂಡಕ್ಕೆ ಹೊಸದಲ್ಲ. ಸುಶ್ರುತಸಂಹಿತೆಯ ನಿದಾನಸ್ಥಾನದಲ್ಲಿ ಭಗ್ನವನ್ನು ಸಂಧಿಮುಕ್ತವೆಂದೂ ಕಾಂಡಭಗ್ನವೆಂದೂ ವಿಭಾಗಿಸಿ, ಮೊದಲನೆಯದಕ್ಕೆ ೬, ಎರಡನೆಯದಕ್ಕೆ ೧೨ ಭೇದಗಳನ್ನು ಹೇಳಿದೆ. ಚಿಕಿತ್ಸಾಸ್ಥಾನದಲ್ಲಿ ಎಳೆಯುವದು, ಒತ್ತುವದು, ಕೂಡಿಸುವದು, ಕಟ್ಟುವದು ಎಂಬ ಕ್ರಮವಿದೆ. ತೊಡೆ ಕಣಕಾಲುಗಳು ಮುರಿದವನನ್ನು ಹಲಗೆಯ ಮೇಲೆ ಮಲಗಿಸಿ, ಅಂಗವು ಅಲುಗದಂತೆ ಐದು ಗೂಟಗಳನ್ನು ನಿಲ್ಲಿಸುವ ಕಪಾಟಶಯನದ ವಿಧಾನವೂ ಅಲ್ಲಿಯೇ ಇದೆ. ಅದರೊಡನೆ ಒಂದು ಎಚ್ಚರಿಕೆಯೂ ಉಂಟು: ಕಟ್ಟು ಸಡಿಲವಾದರೆ ಸಂಧಿಯು ಸ್ಥಿರವಾಗದು, ಬಿಗಿಯಾದರೆ ಬಾವು, ನೋವು, ಕೀವು ಉಂಟಾಗುವವು. ವೈದ್ಯನು ಎಲುಬನ್ನು ಹುಟ್ಟಿಸುವವನಲ್ಲ. ಕೂಡುವ ಶಕ್ತಿಯು ಎಲುಬಿನಲ್ಲಿಯೇ ಇರುವದು. ಅದಕ್ಕೆ ಸರಿಯಾದ ಆಸರೆಯನ್ನು ಕೊಟ್ಟು ಕಾಯುವದೇ ವೈದ್ಯನ ಧರ್ಮ.

ಇದೇ ಧರ್ಮವನ್ನು ೧೯ನೆಯ ಶತಮಾನದಲ್ಲಿ ಆಂಗ್ಲದೇಶದ ಲಿವರ್‌ಪೂಲ್ ಪಟ್ಟಣದಲ್ಲಿ ಒಂದು ಮನೆತನವು ಆಚರಿಸಿ ತೋರಿಸಿತು. ವೇಲ್ಸ್ ಸೀಮೆಯ ಆಂಗ್ಲೆಸಿ ದ್ವೀಪದಿಂದ ಬಂದ ಇವಾನ್ ಥಾಮಸ್ ಎಂಬವರು ತಲೆತಲಾಂತರದಿಂದ ಎಲುಬು ಕಟ್ಟುವ ಕಸುಬಿನವರು. ಅವರಲ್ಲಿ ಕೈಚಳಕವಿದ್ದಿತು, ಪದವಿಯಿರಲಿಲ್ಲ. ಬಡ ಕೂಲಿಗಳು ಅವರ ಬಾಗಿಲಿಗೆ ಬರುತ್ತಿದ್ದರು. ಪದವೀಧರ ವೈದ್ಯರಾದರೋ ಅವರನ್ನು ನ್ಯಾಯಾಲಯಕ್ಕೆ ಎಳೆಯುತ್ತಿದ್ದರು. ಇಂಥ ಅವಮಾನವನ್ನು ಪಡೆದವನು ಶಾಸ್ತ್ರವನ್ನೇ ದ್ವೇಷಿಸುವದು ಸಹಜ. ಇವಾನರು ಹಾಗೆ ಮಾಡಲಿಲ್ಲ. ತಮ್ಮ ಐವರು ಮಕ್ಕಳನ್ನೂ ವೈದ್ಯಶಾಸ್ತ್ರದ ಅಧ್ಯಯನಕ್ಕೆ ಕಳುಹಿಸಿದರು.

ಅವರಲ್ಲಿ ೧೮೩೪ರಲ್ಲಿ ಜನಿಸಿದ ಹ್ಯೂ ಓವೆನ್ ಥಾಮಸರು ಎಡಿನ್‌ಬರೋ, ಲಂಡನ್ನುಗಳಲ್ಲಿ ಕಲಿತು, ೧೮೫೭ರಲ್ಲಿ ಶಸ್ತ್ರವೈದ್ಯರ ಅರ್ಹತೆಯನ್ನು ಪಡೆದು ಲಿವರ್‌ಪೂಲಿಗೆ ಮರಳಿದರು. ಅವರು ಯಾವ ದೊಡ್ಡ ಆಸ್ಪತ್ರೆಯಲ್ಲಿಯೂ ಅಧಿಕಾರವನ್ನು ವಹಿಸಲಿಲ್ಲ. ನೆಲ್ಸನ್ ಬೀದಿಯ ೧೧ನೆಯ ಅಂಕಿಯ ಮನೆಯೇ ಅವರ ಚಿಕಿತ್ಸಾಲಯವಾಗಿ ಪ್ರಸಿದ್ಧವಾಯಿತು. ಆಸರೆಯ ಉಪಕರಣಗಳನ್ನು ರೋಗಿಯ ಅಳತೆಗೆ ತಕ್ಕಂತೆ ಮಾಡಿಕೊಡಲು ಕಮ್ಮಾರನೂ ಜೀನಗಾರನೂ ಅಲ್ಲಿಯೇ ಇದ್ದರು. ಭಾನುವಾರ ಬಡವರಿಗೆ ಧರ್ಮಾರ್ಥ ಚಿಕಿತ್ಸೆ. ಕಾಯಕ ದಾಸೋಹಗಳೆಂಬ ನುಡಿಗಳು ಆ ನಾಡಿನಲ್ಲಿರಲಿಲ್ಲ. ಆ ನಡೆಯಾದರೋ ಇದ್ದಿತು.

ಕೀಲುಗಳಿಗೆ ಕ್ಷಯ ತಗಲಿದಾಗ ಕಾಲನ್ನೇ ಕತ್ತರಿಸುವದು ಆಗ ವಿರಳವಾಗಿರಲಿಲ್ಲ. ಥಾಮಸರು ಭಂಗವಿಲ್ಲದ ದೀರ್ಘ ವಿಶ್ರಾಂತಿಯೇ ಔಷಧವೆಂದು ಸಾರಿ, ೧೮೭೫ರಲ್ಲಿ ಸೊಂಟ, ಮೊಣಕಾಲು, ಹರಡುಗಳ ಕೀಲುರೋಗಗಳನ್ನು ಕುರಿತು ಗ್ರಂಥವನ್ನು ಪ್ರಕಟಿಸಿದರು. ತೊಡೆಸಂದಿಗೆ ತಾಗಿ ಕೂಡುವ ತೊಗಲು ಹೊದಿಸಿದ ಕಬ್ಬಿಣದ ಬಳೆ, ಅದರಿಂದ ಕಾಲಿನ ಎರಡೂ ಮಗ್ಗುಲಿಗೆ ಇಳಿದ ಸರಳುಗಳು: ಇದೇ ಅವರ ಹೆಸರಿನಿಂದ ಪ್ರಸಿದ್ಧವಾದ ಥಾಮಸ್ ಸ್ಪ್ಲಿಂಟ್. ಸ್ವದೇಶದ ಹಿರಿಯ ವೈದ್ಯರು ಅದನ್ನು ಅಷ್ಟಾಗಿ ಮನ್ನಿಸಲಿಲ್ಲ. ೧೮೯೧ರಲ್ಲಿ ಥಾಮಸರು ದೇಹವನ್ನು ಬಿಟ್ಟಾಗ ಲಿವರ್‌ಪೂಲಿನ ಬಡಜನರು ಬೀದಿಗಳಲ್ಲಿ ಕಿಕ್ಕಿರಿದು ಕಣ್ಣೀರಿಟ್ಟರು.

ಗುರುವಿನ ವಿದ್ಯೆಯು ಬೆಳಗುವದು ಶಿಷ್ಯನಲ್ಲಿ. ಥಾಮಸರ ಪತ್ನಿಯ ಸಂಬಂಧಿಯಾದ ರಾಬರ್ಟ್ ಜೋನ್ಸ್ ಎಂಬ ಬಾಲಕನು ೧೮೭೩ರಲ್ಲಿ, ತನ್ನ ೧೬ನೆಯ ವಯಸ್ಸಿನಲ್ಲಿ, ಆ ಮನೆಗೆ ಬಂದು ಸೇರಿದನು. ಶಾಲೆಯಲ್ಲಿ ಶಾಸ್ತ್ರ, ಮನೆಯಲ್ಲಿ ಕ್ರಿಯೆ, ಹೀಗೆ ಎರಡನ್ನೂ ಕಲಿತನು. ಮ್ಯಾಂಚೆಸ್ಟರಿನ ಹಡಗು ಕಾಲುವೆಯನ್ನು ತೋಡುವ ಕಾಲದಲ್ಲಿ, ೧೮೮೮ರಿಂದ, ಗಾಯಗೊಂಡ ಸಾವಿರಾರು ಕೆಲಸಗಾರರ ಆರೈಕೆಯ ಭಾರವು ಜೋನ್ಸರ ಮೇಲೆ ಬಿದ್ದಿತು. ಸುಮಾರು ೩೬ ಮೈಲಿಗಳ ಕಾಲುವೆಯ ಉದ್ದಕ್ಕೂ ಮೂರು ಆಸ್ಪತ್ರೆಗಳನ್ನೂ ಪ್ರಥಮೋಪಚಾರದ ಠಾಣೆಗಳನ್ನೂ ಏರ್ಪಡಿಸಿ, ಬಿದ್ದವನಿಗೆ ಬಿದ್ದ ಸ್ಥಳದ ಸಮೀಪದಲ್ಲಿಯೇ ಚಿಕಿತ್ಸೆ ದೊರೆಯುವಂತೆ ಮಾಡಿದರು. ರಂಟ್ಜೆನರು ಕ್ಷ-ಕಿರಣಗಳನ್ನು ಕಂಡುಹಿಡಿದ ಮರುವರ್ಷವೇ, ೧೮೯೬ರಲ್ಲಿ, ಜೋನ್ಸರು ಭೌತಶಾಸ್ತ್ರಜ್ಞ ಆಲಿವರ್ ಲಾಜರ ನೆರವಿನಿಂದ ಹುಡುಗನೊಬ್ಬನ ಮಣಿಕಟ್ಟಿನಲ್ಲಿ ಸಿಕ್ಕಿಕೊಂಡ ಗುಂಡನ್ನು ಆ ಕಿರಣಗಳಿಂದ ನೋಡಿದರು.

೧೯೧೪ರಲ್ಲಿ ಮಹಾಯುದ್ಧವು ಸುರುವಾಯಿತು. ಗುಂಡಿನಿಂದ ತೊಡೆಯೆಲುಬು ಒಡೆದ ಸೈನಿಕರನ್ನು ಹೊತ್ತು ತರುವಾಗ ಎಲುಬಿನ ತುದಿಗಳು ಅಲುಗಾಡಿ, ರಕ್ತ ಸೋರಿ, ಬಹುಮಂದಿ ದಾರಿಯಲ್ಲಿಯೇ ಸಾಯುತ್ತಿದ್ದರು. ನೂರಕ್ಕೆ ೮೦ರಷ್ಟಿದ್ದ ಮರಣಗಳು ಥಾಮಸ್ ಸ್ಪ್ಲಿಂಟನ್ನು ರಣರಂಗದಲ್ಲಿಯೇ ಕಟ್ಟತೊಡಗಿದ ಮೇಲೆ ೧೯೧೮ರ ಹೊತ್ತಿಗೆ ೨೦ಕ್ಕೆ ಇಳಿದವೆಂದು ಜೋನ್ಸರು ಬರೆದರು. ಕತ್ತಲೆಯಲ್ಲಿಯೂ ಕೈ ತಪ್ಪದಿರಲೆಂದು ಗಾಯಾಳುಗಳನ್ನು ಹೊರುವವರಿಗೆ ಕಣ್ಣು ಕಟ್ಟಿ ಇದರ ಅಭ್ಯಾಸವನ್ನು ಮಾಡಿಸುತ್ತಿದ್ದರು. ಬದುಕಿದ್ದಾಗ ಮನ್ನಣೆ ಕಾಣದ ಗುರುವಿನ ಉಪಕರಣವು ಆತನು ಗತಿಸಿ ೨೫ ವರ್ಷಗಳ ಮೇಲೆ ಅಸಂಖ್ಯರ ಪ್ರಾಣವನ್ನು ಕಾಯಿತು.

ಎಲುಬು ಕೂಡಿದೊಡನೆ ವೈದ್ಯನ ಕೆಲಸವು ಮುಗಿಯಿತೆ? ಇಲ್ಲವೆಂದು ತೋರಿಸಿದವರು ಆಗ್ನೆಸ್ ಹಂಟ್ ಎಂಬ ದಾದಿ. ಬಾಲ್ಯದಿಂದಲೇ ಸೊಂಟದ ಕೀಲಿನ ರೋಗದಿಂದ ಕುಂಟುತ್ತಿದ್ದ ಈ ತಾಯಿಯು ೧೯೦೦ರಲ್ಲಿ ಬಾಸ್ಚರ್ಚ್ ಗ್ರಾಮದಲ್ಲಿ ಆರೈಕೆಯ ಮನೆಯೊಂದನ್ನು ತೆರೆದರು. ಜೋನ್ಸರು ಅಲ್ಲಿಗೆ ಬಂದು ಚಿಕಿತ್ಸೆ ಮಾಡತೊಡಗಿದರು. ೧೯೨೧ರಲ್ಲಿ ಆಸ್ವೆಸ್ಟ್ರಿಗೆ ಹೋದ ಆ ಸಂಸ್ಥೆಯು ಇಂದಿಗೂ ಅವರಿಬ್ಬರ ಹೆಸರಿನಲ್ಲಿ ನಡೆದಿದೆ. ಅಂಗವಿಕಲರಿಗೆ ಭಿಕ್ಷೆಯ ಬದಲು ಕಸುಬನ್ನು ಕಲಿಸುವ ಶಾಲೆಯೊಂದನ್ನೂ ಹಂಟರು ೧೯೨೭ರಲ್ಲಿ ಸ್ಥಾಪಿಸಿದರು. ಲಿವರ್‌ಪೂಲ್ ವಿಶ್ವವಿದ್ಯಾಲಯದಲ್ಲಿ ಈ ಶಾಸ್ತ್ರಕ್ಕೆಂದೇ ಏರ್ಪಟ್ಟ ಉನ್ನತ ಪದವಿಯನ್ನು ಪಡೆದು ಭಾರತದ ಅನೇಕ ಶಸ್ತ್ರವೈದ್ಯರು ಸ್ವದೇಶಕ್ಕೆ ಮರಳಿದರು.

ಇಲ್ಲಿ ಇನ್ನೊಂದು ವಿಷಯವನ್ನು ಗಮನಿಸತಕ್ಕದ್ದು. ದೀರ್ಘ ವಿಶ್ರಾಂತಿಯೇ ಔಷಧವೆಂದು ಥಾಮಸರು ಹೇಳಿದರು. ಇಂದಿನ ವೈದ್ಯರು ತೊಡೆಯೆಲುಬು ಮುರಿದ ವಯಸ್ಕರಿಗೆ ಸಾಮಾನ್ಯವಾಗಿ ಎಲುಬಿನೊಳಗೆ ಲೋಹದ ಸಲಾಕೆಯನ್ನು ಸೇರಿಸಿ ಬೇಗನೆ ನಡೆಸುವರು. ಇದು ಗುರುದ್ರೋಹವಲ್ಲ. ಮುರಿದುದಕ್ಕೆ ಸ್ಥಿರವಾದ ಆಸರೆ ಬೇಕೆಂಬ ಮೂಲತತ್ತ್ವವನ್ನು ಉಳಿಸಿಕೊಂಡು ಸಾಧನವನ್ನು ತಿದ್ದಿಕೊಳ್ಳುವದೇ ನಿಜವಾದ ಸಂಶೋಧನೆ. ತಿದ್ದಿಕೊಳ್ಳದ ಪರಂಪರೆಯು ಕೂಡದ ಎಲುಬಿನಂತೆ ಭಾರವನ್ನು ಹೊರಲಾರದು.

ಸದ್ಭಕ್ತರೇ, ನಮ್ಮ ಗ್ರಾಮಗಳಲ್ಲಿಯೂ ದಬ್ಬೆ ಕಟ್ಟುವ ಹಿರಿಯರು ಇರುವರು. ಅವರನ್ನು ಜರೆಯುವದು ಬೇಡ. ಅವರಲ್ಲಿ ಕುರುಡು ನಂಬಿಕೆಯೂ ಬೇಡ. ದಬ್ಬೆಯ ಬಿಗುವಿನಿಂದ ರಕ್ತದ ಸಂಚಾರ ನಿಂತು, ಅಂಗವು ಕೊಳೆತು, ಕೂಡಬಹುದಾಗಿದ್ದ ಕೈಯನ್ನು ಕತ್ತರಿಸಬೇಕಾದ ಪ್ರಸಂಗಗಳು ಈಗಲೂ ಉಂಟು. ಕಟ್ಟಿದ ಮೇಲೆ ಬೆರಳುಗಳು ತಣ್ಣಗಾದರೆ, ನೀಲಿಗಟ್ಟಿದರೆ, ಜೋಮು ಹಿಡಿದರೆ, ನೋವು ಏರುತ್ತಲೇ ಹೋದರೆ ಬೆಳಗಾಗಲೆಂದು ಕಾಯಬಾರದು. ಆ ಕ್ಷಣವೇ ಕಟ್ಟನ್ನು ಸಡಿಲಿಸಿ ಆಸ್ಪತ್ರೆಗೆ ಒಯ್ಯಬೇಕು. ಎಲುಬು ಹೊರಗೆ ಕಂಡ ಗಾಯವಾದರೆ ಮೊದಲೇ ಅಲ್ಲಿಗೆ ಒಯ್ಯಬೇಕು. ಕಸುಬಿನ ಮನೆಗಳವರು ಇವಾನ್ ಥಾಮಸರಂತೆ ತಮ್ಮ ಮಕ್ಕಳನ್ನು ಶಾಸ್ತ್ರಾಭ್ಯಾಸಕ್ಕೆ ಕಳುಹಿಸಲಿ. ಶಾಸ್ತ್ರ ಕಲಿತವರು ಕಮ್ಮಾರನ, ಜೀನಗಾರನ ಪಕ್ಕದಲ್ಲಿ ಕುಳಿತು ಕೆಲಸ ಮಾಡಲು ನಾಚದಿರಲಿ. ಜ್ಞಾನವೂ ಕ್ರಿಯೆಯೂ ಮುರಿದ ಎಲುಬಿನ ಎರಡು ತುದಿಗಳಂತೆ ಇರುವವು. ಒಂದನ್ನೊಂದು ಮುಟ್ಟುವಂತೆ ಹಿಡಿದರೆ ಕೂಡುವವು. ದೂರವಿಟ್ಟರೆ ಎರಡೂ ಕೆಡುವವು.

ಎಲ್ಲರ ಅಂಗವೂ ದೃಢವಾಗಿದ್ದು ಕಾಯಕಕ್ಕೆ ಸಲ್ಲಲಿ.